ಅಪ್ಪನ ಕುರ್ಚಿ

ಫೆಬ್ರವರಿ ೩

ಅಪ್ಪಾ,

ಈ ಕಾಗದ ಅಮ್ಮನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ನೀವು ಎತ್ತಿದ ಕೂಡಲೇ "ಏನಮ್ಮಾ, ಊಟ ಆಯ್ತಾ?" ಅಂದಿರಿ. "ಆಯ್ತಪ್ಪಾ" ಅಂದು ಇಟ್ಟುಬಿಟ್ಟೆ. ಊಟ ಆಗಿರಲಿಲ್ಲ. ಫೋನಿನಲ್ಲಿ ಆಡಿದ್ದೆಲ್ಲ ಗಾಳಿಗೆ ಹೋಗುತ್ತದೆ, ಕಾಗದದ ಮೇಲೆ ಬಿದ್ದರೇ ಅದು ಮಾತು ಎಂದು ನೀವು ಹೇಳುತ್ತಿದ್ದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಗುರುವಾರ ಸಂಜೆ ಲ್ಯಾಬಿನವರೆಲ್ಲ ಹೊರಟ ಮೇಲೂ ನನಗೊಂದು ಕಟ್ಟುಹಲ್ಲಿನ ಸೆಟ್ಟು ಬಾಕಿಯಿತ್ತು. ಬೆಳಿಗ್ಗೆಯೇ ಡಾಕ್ಟರಿಗೆ ತಲುಪಬೇಕಾದ್ದು. ಒಳಗಿನ ಪ್ಲಾಸ್ಟರ್ ಕೋಣೆಯಲ್ಲಿ ಅಚ್ಚು ಬಿಡಿಸುತ್ತ ಕೂತಿದ್ದೆ. ಮಾಲೀಕ ಬಂದು ಬಾಗಿಲು ಹಾಕಿಕೊಂಡ. ಆಮೇಲೆ ಪಾಲಿಶ್ ಮಾಡುವ ಮೋಟಾರನ್ನು ಚಾಲೂ ಮಾಡಿದ. ಅದು ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ಮುಂದಿನದನ್ನು ನಿಮಗೆ ಬರೆಯಲಾರೆ. ಎಷ್ಟೋ ಹೆಣ್ಣುಮಕ್ಕಳ ಹೇಳಿಕೆ ಬರೆದುಕೊಂಡ ಕೈ ನಿಮ್ಮದು, ಅರ್ಥ ಮಾಡಿಕೊಳ್ಳಿ.

ರೂಮಿಗೆ ಬಂದು ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದೆ. ಬಟ್ಟೆಯನ್ನೂ ಒಗೆದುಬಿಟ್ಟೆ. ಹಾಗೆ ಮಾಡಬಾರದಿತ್ತು ಎಂದು ರೂಮಿನ ಅಕ್ಕ ಈಗ ಹೇಳುತ್ತಾಳೆ. ಅವಳು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿರುವವಳು, ಇಂಥದ್ದನ್ನು ಕಂಡಿದ್ದಾಳೆ. ಮರುದಿನ ನಾನು ಕೆಲಸಕ್ಕೂ ಹೋದೆ ಅಂದರೆ ನೀವು ನಂಬುತ್ತೀರಾ? ಎಲ್ಲಿಗೆ ಹೋಗಬೇಕೆಂದೇ ತೋಚಲಿಲ್ಲ, ಕಾಲು ದಿನಾ ಹೋಗುವ ದಾರಿಯನ್ನೇ ಹಿಡಿಯಿತು. ಆತ ಎಲ್ಲರ ಎದುರಿಗೆ "ಆ ಸೆಟ್ಟು ರೆಡಿನಾ?" ಎಂದು ಕೇಳಿದ. ನಾನು "ರೆಡಿ ಸರ್" ಅಂದೆ. ಅದಾದ ಮೇಲೆ ಹೋಗಿಲ್ಲ.

ಠಾಣೆಗೆ ಹೋಗು ಎಂದು ಅಕ್ಕ ಬೆನ್ನು ಹತ್ತಿದ್ದಾಳೆ. ನನಗೆ ಭಯ. ನೀವು ಹೋಗು ಅಂದರೆ ಹೋಗುತ್ತೇನೆ.

ನಿಮ್ಮ ದಾರಿ ನೋಡುತ್ತ,
ಮರಿ


ಫೆಬ್ರವರಿ ೭

ಮರಿ,

ನಿನ್ನ ಕಾಗದ ಓದಿದೆ. ಹಿತ್ತಲಿಗೆ ಹೋಗಿ ನಿಂತೆ. ನಿನ್ನಮ್ಮ "ಯಾರದ್ದು ಕಾಗದ?" ಎಂದು ಕೇಳಿದಾಗ, ಸಂಬಳದ ತಕರಾರಂತೆ ಅಂದೆ. ಅವಳಿಗೆ ಅಷ್ಟೇ ಗೊತ್ತಿರಲಿ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿನ್ನ ಚಿಕ್ಕಮ್ಮನ ಮನೆ ಮುಟ್ಟಿತೆಂದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಭಯ ಯಾಕೆ? ನೀನು ರೈಟರ್ ಮಗಳು. ಜೀವಮಾನವೆಲ್ಲ ಠಾಣೆಯ ಮೇಜಿನ ಮುಂದೆ ಕೂತು ಜನರ ಕಷ್ಟವನ್ನು ಬಿಳಿ ಹಾಳೆಯ ಮೇಲೆ ಇಳಿಸಿದವನು ನಾನು. ನಾನು ಬರೆದ ಹೇಳಿಕೆಯಲ್ಲಿ ಒಂದು ಅಕ್ಷರ ಅಲ್ಲಾಡಿಸಿದ ವಕೀಲ ಇನ್ನೂ ಹುಟ್ಟಿಲ್ಲ. ಇಲಾಖೆಗೆ ಜನ ಏನು ಬೇಕಾದರೂ ಅನ್ನಲಿ, ಮನೆಯವರನ್ನು ಅದು ಕೈಬಿಡುವುದಿಲ್ಲ.

ಅಲ್ಲಿನ ಇನ್ಸ್‌ಪೆಕ್ಟರ್ ಯಾರೆಂದು ವಿಚಾರಿಸಿದೆ. ನಮ್ಮ ಹುಡುಗನೇ. ಟ್ರೈನಿಂಗ್ ಮುಗಿಸಿ ನಮ್ಮ ಠಾಣೆಗೆ ಬಂದಾಗ ಒಂದು ದೂರು ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ. ನಕ್ಷತ್ರ ಅವನ ಹೆಗಲ ಮೇಲೆ, ಕೆಲಸ ನನ್ನ ತಲೆಯ ಮೇಲೆ ಎಂದು ಪೇದೆಗಳೆಲ್ಲ ನಗುತ್ತಿದ್ದರು. ಕೇಸು ಕಟ್ಟುವುದನ್ನು ಅಆಇಈ ಕಲಿಸಿದ ಹಾಗೆ ಕಲಿಸಿದ್ದೇನೆ. ಫೋನ್ ಮಾಡಿದೆ. "ನಿಮ್ಮ ಮಗಳು ಅಂದ್ರೆ ನನ್ನ ತಂಗಿ, ನೀವೇ ಕರ್ಕೊಂಡು ಬನ್ನಿ" ಅಂದ. ಸೋಮವಾರ ಬರುತ್ತೇನೆ.

ನಡೆದದ್ದನ್ನು ನಡೆದ ಹಾಗೆ ಹೇಳು, ಏನನ್ನೂ ಬಿಡಬೇಡ. ಒಂದು ಸಲ ಬಿಟ್ಟದ್ದನ್ನು ಆಮೇಲೆ ಸೇರಿಸಿದರೆ ಯಾರೂ ನಂಬುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಾನಿದ್ದೇನೆ,
ಅಪ್ಪ


ಫೆಬ್ರವರಿ ೨೨

ಅಪ್ಪಾ,

ನೀವು ಹೋದ ಮೇಲೆ ರೂಮು ಬಿಕೋ ಅನ್ನುತ್ತಿದೆ. ಕಿಟಕಿಯ ಚಿಲಕ ಸರಿಮಾಡಿ ಹೋದಿರಿ, ಈಗ ಅದು ಸರಿಯಾಗಿ ಕೂರುತ್ತದೆ.

ಬಸ್ಸು ಹತ್ತಿಸುವಾಗ ಒಂದು ಮಾತು ಹೇಳಬೇಕೆಂದಿದ್ದೆ, ಆಗಲಿಲ್ಲ. ಠಾಣೆಯಲ್ಲಿ ನೀವು ಇದ್ದಿರಿ ನಿಜ, ಆದರೂ ನಾನು ಕೂತ ಜಾಗದಿಂದ ಅದು ಹೇಗಿತ್ತು ಎಂದು ಬರೆಯುತ್ತೇನೆ. ಇನ್ಸ್‌ಪೆಕ್ಟರ್ ಎದ್ದು ನಿಂತು, "ಗುರುಗಳು ಬಂದ್ರು, ಕುರ್ಚಿ ಹಾಕ್ರೋ" ಅಂದರು. ನಿಮ್ಮ ಕುರ್ಚಿಯನ್ನು ನನ್ನ ಕುರ್ಚಿಗೆ ತಾಗಿಸಿ ಹಾಕಿದರು. ಬರೆದುಕೊಳ್ಳಲೆಂದು ಪೆನ್ನು ಹಿಡಿದು ಕೂತಿದ್ದ ಮಹಿಳಾ ಪೇದೆಗೆ, "ನೀನು ಹೊರಗಿರಮ್ಮ, ಇವ್ರು ನಮ್ಮ ಮನೆಯವ್ರು, ನಾನೇ ಬರ್ಕೋತೀನಿ" ಅಂದರು. ಅವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಆಮೇಲೆ ನಿಮ್ಮನ್ನು ನೋಡಿದಳು. ನಮಗೆಲ್ಲ ಟೀ ಬಂತು. ಅಷ್ಟು ಮರ್ಯಾದೆ ಸಿಕ್ಕಿದ್ದಕ್ಕೆ ನನಗೂ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ಮೋಟಾರು ಹಾಕಿದ ಎಂಬಲ್ಲಿಯವರೆಗೆ ಸರಾಗವಾಗಿ ಹೇಳಿದೆ. "ಆಮೇಲೆ?" ಅಂದರು. ನಾನು ನಿಮ್ಮ ಕೈ ನೋಡಿದೆ. ಮಂಡಿಯ ಮೇಲಿತ್ತು, ಉಗುರೆಲ್ಲ ನೀಟಾಗಿ ಕತ್ತರಿಸಿಕೊಂಡಿದ್ದಿರಿ. ಚಿಕ್ಕವಳಿದ್ದಾಗ ನನಗೆ ಜಡೆ ಹಾಕುತ್ತಿದ್ದ ಕೈ ಅದು. "ಆಮೇಲೆ ಏನಾಯ್ತಮ್ಮಾ, ಅಪ್ಪನ ಎದುರಿಗೆ ಎಂಥ ಸಂಕೋಚ?" ಅಂದರು. ನನ್ನ ಬಾಯಿಂದ, "ಮೈಮೇಲೆ ಕೈ ಹಾಕ್ದ, ನಾನು ತಳ್ಳಿ ಓಡಿಬಂದೆ" ಅಂತ ಬಂತು. ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ. ನೀವು ನನ್ನ ಬೆನ್ನು ಸವರಿದಿರಿ.

ಅಪ್ಪಾ, ನಾನು ತಳ್ಳಿ ಓಡಿಬರಲಿಲ್ಲ. ಓಡಲು ಆಗಲಿಲ್ಲ. ಅವನು ಮಾಡಿದ್ದು ಕೈ ಹಾಕಿದ್ದಲ್ಲ, ಅದಕ್ಕಿಂತ ಬಹಳ ಹೆಚ್ಚಿನದು, ಕಾನೂನಿನಲ್ಲಿ ಅದಕ್ಕೆ ಬೇರೆಯೇ ಹೆಸರಿದೆ. ಮೋಟಾರು ನಿಂತದ್ದು ಎಲ್ಲ ಮುಗಿದ ಮೇಲೆ. ಇನ್ನೊಮ್ಮೆ ಹೋಗಿ, ಒಬ್ಬಳೇ ಕೂತು, ಆ ಪೇದೆಯ ಹತ್ತಿರ ಹೇಳಿ ಸರಿಪಡಿಸಬಹುದೇ? ನೀವು ಒಂದು ಫೋನ್ ಮಾಡಿದರೆ ಆಗುತ್ತದಲ್ಲ?

ಉತ್ತರ ಬೇಗ ಬರೆಯಿರಿ.
ನಿಮ್ಮ ಮರಿ


ಮಾರ್ಚ್ ೧೦

ಮರಿ,

ಉತ್ತರ ತಡವಾಯಿತು. ನಿನ್ನಮ್ಮನ ಮಂಡಿನೋವು ಹೆಚ್ಚಾಗಿತ್ತು. ನೀರಿನ ಮೋಟಾರು ಬೇರೆ ಕೆಟ್ಟಿತ್ತು.

ನೀನು ಕೇಳಿದ ವಿಷಯವನ್ನು ತಿರುಗಿಸಿ ಮುರುಗಿಸಿ ಯೋಚನೆ ಮಾಡಿದೆ. ಈಗ ಬರೆದಿರುವುದೇ ಇರಲಿ. ದೊಡ್ಡ ಕಲಂ ಹಾಕಿದರೆ ದೊಡ್ಡ ವಕೀಲ ಬರುತ್ತಾನೆ. ವೈದ್ಯರ ವರದಿ ಎಲ್ಲಿ, ಬಟ್ಟೆ ಎಲ್ಲಿ ಎಂದು ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಹಿಂಡಿ ಹಿಪ್ಪೆ ಮಾಡುತ್ತಾನೆ. ಚಿಕ್ಕ ಕಲಂ ಆದರೆ ಅವನಿಗೆ ಶಿಕ್ಷೆ ಗ್ಯಾರಂಟಿ, ನಿನಗೂ ಬೇಗ ಬಿಡುಗಡೆ. ಇನ್ಸ್‌ಪೆಕ್ಟರಿಗೂ ಹಾಗೇ ಅನ್ನಿಸಿದೆ. ನಿನ್ನ ಮುಂದೆ ಇನ್ನೂ ಬಾಳು ಬಿದ್ದಿದೆ. ನಾಳೆ ನಿನ್ನನ್ನು ನೋಡಲು ಬಂದವರು ವಿಚಾರಿಸಿದರೆ, ಯಾರೋ ತಂಟೆ ಮಾಡಿದ, ಹುಡುಗಿ ಧೈರ್ಯವಾಗಿ ದೂರು ಕೊಟ್ಟಳು ಅಂದರೆ ಅದು ಹೇಳಿಕೊಳ್ಳುವ ಮಾತು. ಇನ್ನೊಂದು ಹೇಳಿಕೊಳ್ಳುವ ಮಾತಲ್ಲ.

ಆ ಪೇದೆಯ ಸಹವಾಸ ಬೇಡ. ಹೊಸ ಕೆಲಸ ಹುಡುಕು. ಹಲ್ಲಿನ ಸೆಟ್ಟಿಗೆ ಊರ ತುಂಬ ಗಿರಾಕಿಗಳಿದ್ದಾರೆ, ನಾನೇ ಒಬ್ಬ ಆಗುವವನಿದ್ದೇನೆ.

ಯೋಚನೆ ಬಿಟ್ಟು ನಿದ್ದೆ ಮಾಡು,
ಅಪ್ಪ


ಏಪ್ರಿಲ್ ೧೨

ಅಪ್ಪಾ,

ನಿಮ್ಮ ಮಾತು ಮೀರಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ.

ರೂಮಿನ ಅಕ್ಕ ನನ್ನನ್ನು ಸರ್ಕಾರಿ ವಕೀಲೆಯ ಹತ್ತಿರ ಕರೆದುಕೊಂಡು ಹೋದಳು. ಅವರು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಿದರು. ಬಾಗಿಲು ಮುಚ್ಚಿದ ಕೋಣೆ. ಒಬ್ಬ ಹೆಂಗಸು, ನಾನು, ಬರೆದುಕೊಳ್ಳುವ ಇನ್ನೊಬ್ಬ ಹೆಂಗಸು. ಪೂರ್ತಿ ಹೇಳಿದೆ. ಹೇಳಲು ಬಂತು, ಅಪ್ಪಾ. ಅಳುತ್ತ ಹೇಳಿದೆ, ಆದರೂ ಬಂತು. ಹೊರಗೆ ಬಂದಾಗ ಹಸಿವಾಗಿತ್ತು. ಎಷ್ಟೋ ದಿನಗಳ ಮೇಲೆ ಹಸಿವಾದದ್ದು.

ಆದರೆ ಠಾಣೆಯಲ್ಲಿ ಕೊಟ್ಟ ಹೇಳಿಕೆ ಹಾಗೇ ಇದೆ. ಮೊದಲು ಒಂದು, ಆಮೇಲೆ ಒಂದು, ಹುಡುಗಿ ಕಥೆ ಕಟ್ಟುತ್ತಿದ್ದಾಳೆ ಎಂದು ಅವನ ವಕೀಲ ಆಗಲೇ ಜಾಮೀನಿನ ಹೊತ್ತಿಗೆ ವಾದ ಮಾಡಿದ್ದಾನೆ. ಜಾಮೀನು ಸಿಕ್ಕಿತು. ಲ್ಯಾಬು ನಡೆಯುತ್ತಿದೆ.

ಈಗ ನಿಜವಾಗಿ ಬರೆಯಬೇಕಾದದ್ದು. ಕೋರ್ಟಿನ ಮೆಟ್ಟಿಲ ಮೇಲೆ ಆ ಮಹಿಳಾ ಪೇದೆ ಸಿಕ್ಕಳು. ಸಮವಸ್ತ್ರದಲ್ಲಿರಲಿಲ್ಲ. "ಅವತ್ತು ನಿಮ್ಮನ್ನ ಒಳಗೆ ಬಿಟ್ಟು ಬಂದಿದ್ದು ನನಗೆ ಇವತ್ತಿಗೂ ಚುಚ್ತಿದೆ" ಅಂದಳು. ಆಮೇಲೆ ಹೇಳಿದಳು: "ನಮ್ಮ ಸ್ಟೇಷನ್ನಲ್ಲಿ ಅದಕ್ಕೊಂದು ಹೆಸರಿದೆ ಕಣ್ರೀ. ಯಾವುದಾದ್ರೂ ಹುಡುಗಿ ದೊಡ್ಡ ವಿಷಯ ಹಿಡ್ಕೊಂಡು ಬಂದ್ರೆ ಸಾಹೇಬ್ರು 'ಅಪ್ಪನ ಕುರ್ಚಿ ಹಾಕು' ಅಂತಾರೆ. ಅಪ್ಪನೋ ಅಣ್ಣನೋ ಪಕ್ಕದಲ್ಲಿ ಕೂತ್ರೆ ಯಾವ ಹುಡುಗಿ ಬಾಯಿ ಬಿಡ್ತಾಳೆ? ಕೇಸು ತಾನಾಗೇ ಸಣ್ಣದಾಗುತ್ತೆ. ಬೈದಿಲ್ಲ, ಹೆದರಿಸಿಲ್ಲ, ಮೇಲಿನವ್ರು ಕೇಳಿದ್ರೂ ಮರ್ಯಾದೆ ಕೊಟ್ಟಿದ್ದೀವಿ ಅನ್ನಬಹುದು." ಇದನ್ನು ಇನ್ಸ್‌ಪೆಕ್ಟರ್ ಎಲ್ಲಿ ಕಲಿತರು ಎಂದು ಕೇಳಿದೆ. ಮೊದಲ ಠಾಣೆಯಲ್ಲಿ ಒಬ್ಬ ಹಳೇ ರೈಟರ್ ಕಲಿಸಿಕೊಟ್ಟರು ಎಂದು ಅವರೇ ಹೊಗಳುತ್ತಾರಂತೆ. ಆ ರೈಟರ್ ಯಾರೆಂದು ಅವಳಿಗೆ ಗೊತ್ತಿಲ್ಲ.

ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಆ ದಿನ ಆ ಕುರ್ಚಿಯ ಮೇಲೆ ಕೂರುವಾಗ ಅದು ಯಾವ ಕುರ್ಚಿ ಎಂದು ನಿಮಗೆ ಗೊತ್ತಿತ್ತೇ?

ಮಗಳು


ಏಪ್ರಿಲ್ ೩೦

ಮಗಳೇ,

ಯಾವಳೋ ಪೇದೆ ಮೆಟ್ಟಿಲ ಮೇಲೆ ನಿಂತು ಒದರಿದ ತಲೆಬುಡವಿಲ್ಲದ ಮಾತನ್ನು ಹಿಡಿದು ಹೆತ್ತ ತಂದೆಗೆ ಪ್ರಶ್ನೆ ಹಾಕುತ್ತೀಯಾ? ನನಗೆ ಮೇಲಧಿಕಾರಿಗಳೂ ಹೀಗೆ ನೋಟಿಸು ಕೊಟ್ಟಿರಲಿಲ್ಲ.

ಅವನು ಕುರ್ಚಿ ಹಾಕಿಸಿದ್ದು ಮರ್ಯಾದೆಗೆ. ನಾನೇನು ನಿಂತುಕೊಂಡಿರಬೇಕಿತ್ತೇ? ನೀನು ಊರಿಂದೂರಿಗೆ ಒಬ್ಬಳೇ ಅಲೆಯಬಾರದೆಂದು ಈ ವಯಸ್ಸಿನಲ್ಲಿ ಬಸ್ಸಿನಲ್ಲಿ ಬೆನ್ನು ಮುರಿದುಕೊಂಡು ಬಂದೆ.

ಆ ಕಾಲದ ವಿಷಯ ನಿನಗೆ ಗೊತ್ತಿಲ್ಲ, ಅದಕ್ಕೆ ಹೇಳುತ್ತೇನೆ. ಹುಡುಗಿಯರು ಸಿಟ್ಟಿನಲ್ಲಿ, ದುಃಖದಲ್ಲಿ ಬಂದು ಬಾಯಿಗೆ ಬಂದದ್ದೆಲ್ಲ ಬರೆಸುತ್ತಿದ್ದರು. ಒಂದು ಸಲ ಬರೆದರೆ ಮುಗಿಯಿತು, ಮನೆ ಮುಳುಗಿದ ಹಾಗೆ. ಅಪ್ಪನನ್ನು ಪಕ್ಕಕ್ಕೆ ಕೂರಿಸಿದರೆ ಅವರೇ ತಣ್ಣಗಾಗುತ್ತಿದ್ದರು. ಎಷ್ಟು ಸಂಸಾರಗಳು ಆ ಠಾಣೆಯಿಂದ ತಲೆಯೆತ್ತಿಕೊಂಡು ಹೊರಗೆ ಹೋದವು ಎಂದು ನನ್ನನ್ನು ಕೇಳು. ಎಷ್ಟು ಜನ ತಂದೆಯರು ಆಮೇಲೆ ನನ್ನ ಕೈ ಹಿಡಿದುಕೊಂಡು, ಮನೆ ಮಾನ ಉಳಿಸಿದಿರಿ ಎಂದು ಕಣ್ಣೀರು ಹಾಕಿದರು. ಹುಡುಗಿಯರೂ ಮದುವೆಯಾಗಿ ಚೆನ್ನಾಗಿದ್ದಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಅದಕ್ಕೂ ನಿನ್ನ ಕೇಸಿಗೂ ಗಂಟು ಹಾಕಬೇಡ. ನಿನ್ನ ವಿಷಯ ಬೇರೆ.

ಅಪ್ಪ


ಮೇ ೧೮

ಅಪ್ಪಾ,

ನನ್ನ ವಿಷಯ ಹೇಗೆ ಬೇರೆ ಎಂದು ನೀವು ಬರೆಯಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರವನ್ನೂ ಬರೆಯಲಿಲ್ಲ. ನಿಮ್ಮ ಕಾಗದವನ್ನು ರೂಮಿನ ಅಕ್ಕನಿಗೆ ಓದಲು ಕೊಟ್ಟೆ. ಅವಳು ಓದಿ ಮಡಚಿ ವಾಪಸು ಕೊಟ್ಟು, ಒಲೆಯ ಮೇಲೆ ನೀರಿಡಲು ಹೋದಳು.

ನನಗೆ ಸಿಟ್ಟು ಬಂದಿದೆ. ನಿಮ್ಮ ಮೇಲೆ ಹೇಗೆ ಸಿಟ್ಟು ಮಾಡಬೇಕೆಂದು ಗೊತ್ತಿಲ್ಲದೆ ಪಾತ್ರೆ ಎತ್ತಿ ಕುಕ್ಕುತ್ತಿದ್ದೇನೆ. ನಿಮ್ಮ ಎದುರು ಸುಮ್ಮನೆ ಕೂತು ಎದ್ದುಹೋದ ಆ ಹುಡುಗಿಯರೆಲ್ಲ ಕಣ್ಣ ಮುಂದೆ ಬರುತ್ತಾರೆ. ಅವರು ಚೆನ್ನಾಗಿದ್ದಾರೆ ಎಂದು ನಿಮಗೆ ಹೇಳಿದವರು ಯಾರು?

ಆದರೂ ಒಂದು ಕೇಳಲು ಬರೆಯುತ್ತಿದ್ದೇನೆ. ಸರ್ಕಾರಿ ವಕೀಲೆ ಹೇಳುವುದು ಇಷ್ಟು: ಠಾಣೆಯ ಹೇಳಿಕೆಯಲ್ಲಿ ಮುಖ್ಯ ವಿಷಯ ಯಾಕೆ ಬಿಟ್ಟುಹೋಯಿತು ಎಂಬುದಕ್ಕೆ ಕಾರಣ ತೋರಿಸಬೇಕು. ನಾನು ನಿಮಗೆ ಬರೆದ ಕಾಗದ ತೋರಿಸಿದರೆ, ಅದನ್ನೂ ಆಮೇಲೆಯೇ ಬರೆದದ್ದು ಅನ್ನುತ್ತಾರೆ. ಪೇದೆ ಹೊರಗಿದ್ದಳು, ಅವಳು ನೋಡಿಲ್ಲ. ಆ ಕೋಣೆಯಲ್ಲಿದ್ದವರು ಇನ್ಸ್‌ಪೆಕ್ಟರ್, ನಾನು, ನೀವು. ನೀವು ಬಂದು ಹೇಳಬೇಕು. ಇನ್ಸ್‌ಪೆಕ್ಟರನ್ನು ಬೈಯಬೇಡಿ, ಇಲಾಖೆಯ ಮೇಲೆ ಕೆಸರು ಎರಚಬೇಡಿ. "ನನ್ನ ಕುರ್ಚಿ ಅವಳ ಪಕ್ಕದಲ್ಲಿತ್ತು, ಅವಳು ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು, ಅಂಥ ಮಾತನ್ನು ನನ್ನೆದುರು ಆಡುವವಳಲ್ಲ ನನ್ನ ಮಗಳು" ಎನ್ನಿ. ಇಷ್ಟು ಸಾಕು. ಇದು ನಿಜ ಎಂದು ನಿಮಗೂ ಗೊತ್ತು. ಇಷ್ಟು ಹೇಳಿದರೆ ಅವನಿಗೆ ಅವನು ಮಾಡಿದ್ದಕ್ಕೆ ತಕ್ಕ ಶಿಕ್ಷೆಯಾಗುವ ಹಾಗಿದೆ. ಇಲ್ಲದಿದ್ದರೆ ಇಲ್ಲ.

ಬರುತ್ತೀರಾ?

ಮರಿ


ಜೂನ್ ೫

ಮರಿ,

ಬರುತ್ತೇನೆ.

ನಿನ್ನಮ್ಮನಿಗೆ ಹಳೇ ಸ್ನೇಹಿತನ ಮನೆಗೆ ಅಂದಿದ್ದೇನೆ. ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಿದ್ದೇನೆ. ಸಾಕ್ಷಿ ಹೇಳುವುದು ನನಗೆ ನೀರು ಕುಡಿದ ಹಾಗೆ, ನೀನು ಹೆದರಬೇಡ. ನಿನಗೆ ಬೇಕಾದ್ದನ್ನೇ ಹೇಳುತ್ತೇನೆ. ಹೆತ್ತವನು ನಾನಲ್ಲದೆ ಇನ್ಯಾರು ಹೇಳಬೇಕು?

ಅಪ್ಪ


ಜುಲೈ ೨೧

ಮರಿ,

ಬಸ್ ನಿಲ್ದಾಣಕ್ಕೆ ನೀನು ಬರಬಹುದೆಂದು ಕಾದೆ. ಎರಡು ಬಸ್ಸು ಬಿಟ್ಟೆ.

ಆ ವಕೀಲ ಹಾಗೆ ಕೇಳುತ್ತಾನೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಹುಡುಗ, ಆ ಇನ್ಸ್‌ಪೆಕ್ಟರ್, ಕೋರ್ಟಿನ ವರಾಂಡದಲ್ಲೇ ನಿಂತಿದ್ದ. ನಾನು ಒಳಗೆ ಹೋಗುವಾಗ ಎಲ್ಲರೆದುರು ಸೆಲ್ಯೂಟ್ ಹೊಡೆದ. ರಿಟೈರ್ ಆದವನಿಗೆ ಯಾರು ಸೆಲ್ಯೂಟ್ ಹೊಡೆಯುತ್ತಾರೆ ಹೇಳು. ಒಳಗೆ ಹೋದರೆ ನ್ಯಾಯಾಧೀಶರು, ಗುಮಾಸ್ತರು, ವಕೀಲರು. ಅಷ್ಟು ಜನರ ನಡುವೆ ಒಬ್ಬ ತಂದೆಯನ್ನು ನಿಲ್ಲಿಸಿ ಅವನ ಮಗಳ ಬಗ್ಗೆ ಕೇಳಿದರೆ ಅವನ ಬಾಯಿಂದ ಏನು ಬರುತ್ತದೆ? ನಿನ್ನ ಮೇಲಿನ ಅಭಿಮಾನದಿಂದಲೇ ಬಂದ ಮಾತು ಅದು. ಅದರಿಂದ ಕೇಸಿಗೆ ಏನೂ ಆಗುವುದಿಲ್ಲ, ಅನುಭವದ ಮೇಲೆ ಹೇಳುತ್ತಿದ್ದೇನೆ. ತೀರ್ಪು ಬರಲಿ, ನೋಡು.

ಫೋನ್ ಎತ್ತು. ನಿನ್ನಮ್ಮ ಕೇಳುತ್ತಿದ್ದಾಳೆ.

ನಿನ್ನ ಅಪ್ಪ


ನವೆಂಬರ್ ೧೪

ಅಪ್ಪಾ,

ತೀರ್ಪು ಬಂತು. ಅವನು ಮೈಮೇಲೆ ಕೈ ಹಾಕಿದ್ದು ನಿಜ, ಅದಕ್ಕೆ ದಂಡ ಮತ್ತು ಮೊದಲು ಜೈಲಿನಲ್ಲಿದ್ದ ಕೆಲವು ದಿನಗಳೇ ಶಿಕ್ಷೆ. ಉಳಿದದ್ದು ಸಾಬೀತಾಗಿಲ್ಲ. ಅವನು ಕೋರ್ಟಿನಿಂದ ನೇರವಾಗಿ ಲ್ಯಾಬಿಗೆ ಹೋದನಂತೆ. ನನ್ನ ಜಾಗಕ್ಕೆ ಒಬ್ಬ ಹೊಸ ಹುಡುಗಿಯನ್ನು ತೆಗೆದುಕೊಂಡಿದ್ದಾನೆ. ಸರ್ಕಾರಿ ವಕೀಲೆ ಮೇಲ್ಮನವಿ ಹಾಕುತ್ತಾರೆ, ಆದರೆ ಆಸೆ ಇಟ್ಟುಕೊಳ್ಳಬೇಡ ಅಂದಿದ್ದಾರೆ.

ಅದರಿಂದ ಕೇಸಿಗೆ ಏನೂ ಆಗುವುದಿಲ್ಲ ಎಂದು ಬರೆದಿದ್ದಿರಿ. ತೀರ್ಪಿನಲ್ಲಿ ನಿಮ್ಮ ಮಾತನ್ನು ಆಡಿದ ಹಾಗೇ ಬರೆದಿದ್ದಾರೆ. ನಾನು ಅದನ್ನು ಕಿವಿಯಾರೆ ಕೇಳಿದವಳು, ಆದರೂ ಮತ್ತೆ ಓದಿದೆ. ನಮ್ಮ ವಕೀಲೆ ಕೇಳಿದಾಗ, ಕುರ್ಚಿ ಪಕ್ಕದಲ್ಲಿತ್ತು ಎಂದು ಸರಿಯಾಗೇ ಹೇಳಿದಿರಿ. ಮಗಳು ಹಿಂಜರಿದಳೇ ಎಂದದ್ದಕ್ಕೆ, "ಆಯಾಸ ಆಗಿತ್ತು ಅವಳಿಗೆ" ಅಂದಿರಿ. ಆಗಲೂ ನಾನು ಆಸೆ ಬಿಟ್ಟಿರಲಿಲ್ಲ. ಆಮೇಲೆ ಅವನ ವಕೀಲ ನಗುತ್ತ ಎದ್ದು, "ರೈಟರ್ ಸಾಹೇಬ್ರೇ, ನಿಮ್ಮ ಮಗಳು ನಿಮ್ಮ ಹತ್ರ ವಿಷಯ ಮುಚ್ಚಿಡೋ ಸ್ವಭಾವದವಳಾ?" ಎಂದು ಕೇಳಿದ. ನೀವು ಬೆನ್ನು ನೆಟ್ಟಗೆ ಮಾಡಿ ನಿಂತಿರಿ. "ಇಲ್ಲ ಸ್ವಾಮಿ. ನನ್ನ ಮಗಳು ನನ್ನ ಹತ್ರ ಏನನ್ನೂ ಮುಚ್ಚಿಡಲ್ಲ" ಅಂದಿರಿ. ಪ್ರಮಾಣ ಮಾಡಿ ಅಂದಿರಿ.

ಅನುಭವಸ್ಥ ಪೊಲೀಸ್ ಸಿಬ್ಬಂದಿಯಾಗಿದ್ದ ತಂದೆಯೇ ಹೀಗೆ ಹೇಳಿರುವಾಗ ಸಂಕೋಚದ ಕಾರಣವನ್ನು ಒಪ್ಪಲಾಗದು ಎಂದು ನ್ಯಾಯಾಧೀಶರು ಬರೆದಿದ್ದಾರೆ. ಒಂದು ಅಕ್ಷರ ಅಲ್ಲಾಡದ ಹಾಗಿದೆ.

ಅಭಿಮಾನದಿಂದ ಬಂದ ಮಾತು ಅಂದಿರಿ. ನಾನು ಎಷ್ಟೋ ದಿನ ಅದನ್ನೇ ನಂಬಲು ನೋಡಿದೆ. ಜನರೆದುರು ಬಾಯಿ ತಪ್ಪಿತು, ಪಾಪ ವಯಸ್ಸಾಗಿದೆ, ಸೆಲ್ಯೂಟ್ ಹೊಡೆದದ್ದಕ್ಕೆ ಕರಗಿಹೋದರು, ಹೀಗೆಲ್ಲ ನಿಮ್ಮ ಪರವಾಗಿ ನನ್ನೊಳಗೇ ವಾದ ಮಾಡಿದೆ. ಆದರೆ ಸಾಕ್ಷಿಗೆ ಬಂದ ದಿನ ಬಸ್ಸಿಳಿದ ಕೂಡಲೇ ನಾನು ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ಹೇಳಿಕೆಯ ನಕಲನ್ನು ನಿಮ್ಮ ಕೈಗಿಟ್ಟೆ, ಒಳಗೆ ಹೋಗುವ ಮೊದಲು ಒಮ್ಮೆ ಓದಿ ಅಂದೆ. ನೀವು ಅದನ್ನು ಬಿಡಿಸಿ ಕೂಡ ನೋಡದೆ, "ಬೇಡಮ್ಮಾ, ಅದೆಲ್ಲ ನಾನು ಯಾಕೆ ಓದ್ಬೇಕು" ಎಂದು ವಾಪಸು ಕೊಟ್ಟಿರಿ. ನನ್ನ ಮೇಲೆ ಏನು ನಡೆಯಿತೆಂದು ಆ ಮ್ಯಾಜಿಸ್ಟ್ರೇಟರಿಗೆ ಗೊತ್ತು, ವಕೀಲರಿಗೆ ಗೊತ್ತು, ಗುಮಾಸ್ತನಿಗೆ ಗೊತ್ತು, ಮಾಡಿದವನಿಗೆ ಗೊತ್ತು. ನಿಮಗೆ ಗೊತ್ತಿಲ್ಲ. ನೀವು ಬೇಕೆಂದೇ ಗೊತ್ತುಮಾಡಿಕೊಳ್ಳಲಿಲ್ಲ. ಆಮೇಲೆ ಒಳಗೆ ಹೋಗಿ, ಅವಳು ಏನನ್ನೂ ಮುಚ್ಚಿಡುವುದಿಲ್ಲ ಎಂದು ಆಣೆ ಮಾಡಿದಿರಿ.

ಕುರ್ಚಿಯ ವಿಷಯ ನಿಮಗೆ ಗೊತ್ತಿತ್ತೇ ಎಂದು ಇನ್ನು ಕೇಳುವುದಿಲ್ಲ.

ಅಮ್ಮನಿಗೆ ನಾನೇ ಎಲ್ಲ ಹೇಳಿದ್ದೇನೆ. ಹೋದ ವಾರ ನೀವು ಪಿಂಚಣಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಫೋನ್ ಮಾಡಿದೆ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಬರೆದಿದ್ದಿರಿ. ನಿಂತಿದೆಯೋ ಇಲ್ಲವೋ, ಒಂದೇ ಮನೆಯಲ್ಲಿದ್ದೀರಿ, ನಿಮಗೇ ತಿಳಿದಿರಬೇಕು.

ಆ ನಕಲನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ವಾಪಸು ಕಳಿಸಬೇಡಿ, ತೆಗೆದುಕೊಳ್ಳುವುದಿಲ್ಲ. ಬಾಗಿಲು ಹಾಕಿಕೊಂಡದ್ದರಿಂದ ಹಿಡಿದು ಮೋಟಾರು ನಿಂತದ್ದರವರೆಗೆ ಎಲ್ಲ ಇದೆ, ಒಂದನ್ನೂ ಬಿಟ್ಟಿಲ್ಲ. ಓದಿ. ನೀವು ಕೋರ್ಟಿನಲ್ಲಿ ಹೇಳಿದ್ದು ಅಲ್ಲಿಗೆ ನಿಜವಾಗುತ್ತದೆ.

ಮಗಳು